ಗೋಲ್‌ಕೀಪರನ ಮೊಣಕಾಲು

ಫೆಬ್ರವರಿ 22, 1975. ಶನಿವಾರ. ಶಹಾಬಾದ.

ನಮ್ಮ ಡ್ರಾಯಿಂಗ್ ಆಫೀಸಿನ ಉತ್ತರದ ಕಿಟಕಿಗಳಿಗೆ ಇಂದು ಖಾಕಿ ಪರದೆ ಹಾಕಿದರು. ಟ್ರೇಸಿಂಗ್ ಕೆಲಸಕ್ಕೆ ಬೇಕಾದ ಒಳ್ಳೆಯ ಬೆಳಕು ಬರುವುದೇ ಅಲ್ಲಿಂದ. ಮೂಲ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ ಕಪ್ಪು ಮಸಿಯಲ್ಲಿ ತದ್ರೂಪು ತೆಗೆಯುವುದು ನನ್ನ ಕೆಲಸ. ಇಷ್ಟು ವರ್ಷ ಸಿಮೆಂಟ್ ಗಿರಣಿಯ ಗಾಲಿ, ಬಾಯ್ಲರಿನ ಮುಚ್ಚಳ ಇಂಥವನ್ನೇ ತೆಗೆದಿದ್ದೇನೆ. ಈಗ ದಿಲ್ಲಿಯ ರಕ್ಷಣಾ ಇಲಾಖೆಯಿಂದ ಒಂದು ಆರ್ಡರು ಬರುವುದರಲ್ಲಿದೆ. ತೋಪು ಕೂರಿಸಲು ಬೇಕಾದ ಉಕ್ಕಿನ ದೊಡ್ಡ ಬಳೆಗಳನ್ನು ಮಾಡಬೇಕಂತೆ. ಮಾದರಿಯ ನಕ್ಷೆಗಳು ಅರಗಿನ ಮುದ್ರೆ ಹಾಕಿಕೊಂಡು ಬಂದಿವೆ. ಬಿಚ್ಚಿ ನೋಡಿದರೆ ಅವೂ ವೃತ್ತಗಳೇ. ಗಾಲಿಯ ವೃತ್ತಕ್ಕೂ ಇವಕ್ಕೂ ಕಂಪಾಸಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಾರ್ಚ್ 16ರ ಭಾನುವಾರ ದಿಲ್ಲಿಯ ಅಧಿಕಾರಿಗಳು ಕಾರ್ಖಾನೆ ನೋಡಲು ಬರುತ್ತಾರೆ. ಅದೇ ದಿನ ಸಂಜೆ ವಾಡಿಯಲ್ಲಿ ರೈಲ್ವೆ ತಂಡದ ಮೇಲೆ ನಮ್ಮ ಹಾಕಿ ಫೈನಲ್. ಅತಿಥಿಗಳನ್ನು ಅಲ್ಲಿಗೂ ಕರೆದೊಯ್ಯುತ್ತಾರಂತೆ. ನಾನು ತಂಡದ ಕಾರ್ಯದರ್ಶಿ. ಕೋಲು ಹಿಡಿದವನಲ್ಲ, ಮೈದಾನಕ್ಕೆ ಸುಣ್ಣದ ಗೆರೆ ನೆಟ್ಟಗೆ ಎಳೆಯುತ್ತೇನೆಂದು ಈ ಕೆಲಸ ಕೊಟ್ಟರು.

ರಷ್ಯನ್ ಕಾದಂಬರಿಯೊಂದರ ಕನ್ನಡ ಅನುವಾದ ಓದುವುದನ್ನು ಮುಂದುವರಿಸಿದೆ. ಮೊದಲ ಹಾಳೆಗಳು ಇಲ್ಲದ ಪ್ರತಿ. ಅನುವಾದಕರು ಒಬ್ಬ ಸೇನಾಧಿಕಾರಿಯನ್ನು ಎರಡು ಕಡೆ ಎರಡು ಹೆಸರಿನಿಂದ ಕರೆದಿದ್ದಾರೆ. ಒಬ್ಬನೇ ಎಂದು ತಿಳಿಯಲು ಒಂದು ಸಂಜೆ ಹೋಯಿತು.

ಫೆಬ್ರವರಿ 25, ಮಂಗಳವಾರ

ಪಾಕಿಸ್ತಾನಕ್ಕೆ ಶಸ್ತ್ರಾಸ್ತ್ರ ಮಾರಬಾರದೆಂದು ಅಮೆರಿಕ ಹತ್ತು ವರ್ಷಗಳಿಂದ ಇಟ್ಟಿದ್ದ ನಿಷೇಧ ತೆಗೆದಿದೆ. ನಮ್ಮ ವಿದೇಶಾಂಗ ಮಂತ್ರಿಗಳು ಅಮೆರಿಕಕ್ಕೆ ಹೋಗುವುದನ್ನು ನಿಲ್ಲಿಸಿದ್ದಾರಂತೆ. ಕ್ಯಾಂಟೀನಿನಲ್ಲಿ ಇದೇ ಮಾತು. ನಮ್ಮ ಸೆಂಟರ್ ಫಾರ್ವರ್ಡ್ ಲಾಲಪ್ಪ ಬಜಿ ತಿನ್ನುತ್ತ ಹೇಳಿದ: "ಅವರಲ್ಲಿ ಗೋಧಿ ಹೆಚ್ಚಾದ್ರ ನಮಗ ಕೊಡ್ತಾರ, ತೋಪು ಹೆಚ್ಚಾದ್ರ ಅವರಿಗಿ ಕೊಡ್ತಾರ. ಅಂಗಡಿ ಒಂದೇ." ಎಲ್ಲರೂ ನಕ್ಕರು. ನಮಗೆ ರಷ್ಯಾದಿಂದ ಬರುವುದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆಗ ಮಶೀನ್ ಶಾಪಿನ ಫಿಟ್ಟರ್ ಅಬ್ದುಲ್ ಗನಿ ಚಹಾದ ಬಟ್ಟಲು ಹಿಡಿದು ಬಂದ. ಮಾತು ನಿಂತಿತು. ಅದು ಸಹಜವೇ. ಅವನ ಅಕ್ಕ ಕರಾಚಿಯಲ್ಲಿದ್ದಾಳೆ. ಲಾಲಪ್ಪ ಕೂಡಲೇ ಹಾಕಿಯ ಕಡೆ ಮಾತು ಹೊರಳಿಸಿದ. ಅಬ್ದುಲ್ ಗನಿ ನಮ್ಮ ಗೋಲ್‌ಕೀಪರ್.

ಈ ಸುದ್ದಿಯಿಂದ ನಮ್ಮ ಆರ್ಡರು ಬೇಗ ಬರುತ್ತದೆಂದು ಚೀಫ್ ಡ್ರಾಫ್ಟ್ಸ್‌ಮನ್ ಸಂತೋಷದಲ್ಲಿದ್ದಾರೆ. ಎಲ್ಲಿಯದೋ ಬಂದೂಕು ಎಲ್ಲಿಗೋ ಹೋದರೆ ಶಹಾಬಾದದಲ್ಲಿ ಓವರ್‌ಟೈಮ್ ಸಿಗುತ್ತದೆ.

ಮಾರ್ಚ್ 1, ಶನಿವಾರ

ಆರ್ಡರಿನ ಕೆಲಸ ಮಾಡುವವರ ಬಗ್ಗೆ ವಿಚಾರಣೆ ಶುರುವಾಗಿದೆ. ಸಾದಾ ಅಂಗಿಯ ಒಬ್ಬ ಪೊಲೀಸ್ ನಮ್ಮ ಮನೆಗೂ ಬಂದಿದ್ದ. ಏನು ಓದುತ್ತೀರಿ ಎಂದ. ಕಾದಂಬರಿ ತೋರಿಸಿದೆ. "ರಷ್ಯಾದ್ದಾ? ಅಡ್ಡಿ ಇಲ್ಲ ತಗೋರಿ, ಅವರು ನಮ್ಮವರೇ," ಎಂದು ಹಿಂದಕ್ಕೆ ಕೊಟ್ಟ. ಅಮೆರಿಕದ ಕಾದಂಬರಿಯಾಗಿದ್ದರೆ ಏನು ಹೇಳುತ್ತಿದ್ದನೋ. ನನ್ನ ಹೆಂಡತಿ ಸುಂದರಬಾಯಿ ಅವನಿಗೆ ಚಹಾ ಕೊಟ್ಟಳು. ಹೋದ ಮೇಲೆ ಆ ಬಟ್ಟಲನ್ನು ಎರಡು ಸಲ ತೊಳೆದಳು.

ಅಬ್ದುಲ್ ಗನಿಯ ಓಣಿಯಲ್ಲಿ ಅದೇ ಮನುಷ್ಯ ಬಹಳ ಹೊತ್ತು ಕುಳಿತಿದ್ದನಂತೆ.

ಕೌಲಾಲಂಪುರದಲ್ಲಿ ವಿಶ್ವಕಪ್ ಹಾಕಿ ಆರಂಭ. ಹಿಂದೆ ಎಪ್ಪತ್ತೊಂದರಲ್ಲಿ ಮೊದಲ ವಿಶ್ವಕಪ್ ಪಾಕಿಸ್ತಾನದಲ್ಲಿ ಆಗಬೇಕಿತ್ತು. ನಮ್ಮವರನ್ನು ಅಲ್ಲಿ ಆಡಗೊಡುವುದಿಲ್ಲವೆಂದು ಗದ್ದಲವಾಗಿ, ಕೊನೆಗೆ ಸ್ಪೇನಿಗೆ ಹೋಯಿತು. ನಮ್ಮಿಬ್ಬರ ಆಟ ನೋಡಬೇಕೆಂದರೆ ಮೂರನೆಯವರ ಅಂಗಳವೇ ಬೇಕು.

ಮಾರ್ಚ್ 5, ಬುಧವಾರ

ವೆಲ್‌ಫೇರ್ ಆಫೀಸರು ಕರೆಸಿದ್ದರು. ಮೈಸೂರಿನ ಕಡೆಯವರು, ಮೆಲುಮಾತಿನವರು. ಕುರ್ಚಿ ಕೊಟ್ಟರು; ಕೆಲಸಗಾರರಿಗೆ ಅವರು ಕುರ್ಚಿ ಕೊಡುವುದು ಅಪರೂಪ. ನೀವು ಓದಿದವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದು ಆರಂಭಿಸಿದರು. ಹದಿನಾರನೆಯ ತಾರೀಖು ಅಬ್ದುಲ್ ಗನಿ ಆಡುವುದು ಬೇಡ. ಅವನ ಬಗ್ಗೆ ತಮಗೆ ಏನೂ ಇಲ್ಲ. ಆದರೆ ದಿಲ್ಲಿಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಆಟಗಾರರ ಪರಿಚಯ ಕೇಳುತ್ತಾರೆ, ಇವನ ಮನೆಯ ವಿಷಯ ಪೊಲೀಸರ ವರದಿಯಲ್ಲಿ ಇದೆ. ಹಿಂದಿನ ದಿನವೇ ಕೌಲಾಲಂಪುರದ ಫೈನಲ್ ಬೇರೆ. ನಾವೂ ಪಾಕಿಸ್ತಾನವೂ ಎದುರಾದರೆ, ಮರುದಿನ ಇವನು ಒಂದು ಗೋಲು ಬಿಟ್ಟರೂ ಜನ ಏನಂದಾರು?

"ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಹುಷಾರಿಲ್ಲ ಅಂತ ಆಗಲಿ. ದೇಶದ ಮಾತು ಬಂದಾಗ ಆಟವನ್ನು ಬಿಡಬೇಕಾಗುತ್ತೆ. ಹೋದ ವರ್ಷ ನಾವು ಟೆನ್ನಿಸ್ ಫೈನಲನ್ನೇ ಬಿಡಲಿಲ್ಲವೇ?"

ಆಗಲಿ ಎಂದೆ. ಅವರು ಹೇಳಿದ್ದರಲ್ಲಿ ವಿವೇಕವಿದೆ.

ಗೇಟಿನ ಹತ್ತಿರ ಬಂದಾಗ ಹೊಳೆಯಿತು. ಟೆನ್ನಿಸ್ ಫೈನಲನ್ನು ನಾವು ಬಿಟ್ಟದ್ದು ದಕ್ಷಿಣ ಆಫ್ರಿಕದವರ ಮೇಲೆ. ಅವರು ಮನುಷ್ಯರನ್ನು ಮೈಬಣ್ಣ ನೋಡಿ ಬೇರೆ ಕೂರಿಸುತ್ತಾರೆಂದು ಬಿಟ್ಟದ್ದು. ಉದಾಹರಣೆ ಆಫೀಸರ ಮಾತಿಗೆ ವಿರುದ್ಧವಾಗಿಯೇ ಇತ್ತು. ನನಗೆ ಉತ್ತರಗಳು ಯಾವಾಗಲೂ ಗೇಟಿನ ಹತ್ತಿರ ಹೊಳೆಯುತ್ತವೆ.

ಮಾರ್ಚ್ 6, ಗುರುವಾರ

ಕೆಲಸದ ಪಾಳಿ ಮುಗಿದ ಮೇಲೆ ಅಬ್ದುಲ್ ಗನಿಯ ಮನೆಗೆ ಹೋದೆ. ಇದುವರೆಗೆ ಬಾಗಿಲ ತನಕ ಹೋಗಿದ್ದುಂಟು, ಒಳಗೆ ಕೂತಿರಲಿಲ್ಲ. ಮನೆಯಲ್ಲಿ ಅವನೂ ಅವನ ತಾಯಿ ಮಾಸುಮಬಿಯೂ ಇಬ್ಬರೇ. ಮೊದಲು ಗುಂಡಗುರ್ತಿಯವರು. ತಂದೆ ಅರಳೆ ಹಿಂಜಿ ಗಾದಿ ತುಂಬುತ್ತಿದ್ದರು. ಹಿಂಜುವ ಬಿಲ್ಲು ಈಗಲೂ ಗೋಡೆಗೆ ತೂಗುತ್ತದೆ.

ಆ ಮುದುಕಿ ನೆಲದ ಮೇಲೆ ಕೂತು ಗೋಲ್‌ಕೀಪರನ ಪ್ಯಾಡುಗಳನ್ನು ಬಿಚ್ಚಿ ಅರಳೆ ಬದಲಿಸುತ್ತಿದ್ದರು. ಅಂಗಡಿಯ ಪ್ಯಾಡು ನಮ್ಮ ಮೈದಾನಕ್ಕೆ ಬಾಳುವುದಿಲ್ಲ. ಇಲ್ಲಿ ಒಂದು ಗೇಣು ಮಣ್ಣಿನ ಕೆಳಗೆ ಫರಸಿ ಕಲ್ಲು. ಚೆಂಡು ಪುಟಿದು ಎದೆಗೆ ಬರುತ್ತದೆ. ಅದಕ್ಕಾಗಿ ಮಾಸುಮಬಿ ಪ್ರತಿ ಫೈನಲಿಗೆ ಮುಂಚೆ ಹಳೆಯ ಅರಳೆ ತೆಗೆದು, ಹೊಸದನ್ನು ಪದರ ಪದರವಾಗಿ ಇಟ್ಟು, ಗಾದಿಯ ಹೊಲಿಗೆ ಹಾಕುತ್ತಾರಂತೆ. ನಾನು ಕಾರ್ಯದರ್ಶಿ, ಇದು ನನಗೆ ಗೊತ್ತಿರಲಿಲ್ಲ.

"ಬರ್ರಿ ಖಂಡೆಪ್ಪ ಭಾಯ್, ಕುಂದ್ರಿ. ನೀವು ಗೆರಿ ಎಳ್ಯಾವ್ರು ಹೌದಲ್ರಿ? ನನ್ನ ಮಗ ಹೇಳ್ತಿರ್ತಾನ, ಖಂಡೆಪ್ಪ ಎಳದ ಗೆರಿ ಮ್ಯಾಲ ಇರುವಿನೂ ಸಾಲು ಬಿಟ್ಟು ಹೋಗಲ್ಲ ಅಂತ."

ಚಹಾ ಬಂತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯ ಇತ್ತು: ಈ ಸಲ ನೀನು ಆಡುವುದು ಬೇಡವೆಂದು ಮೇಲಿನವರ ಅಭಿಪ್ರಾಯ. ಅದನ್ನು ಆ ಅರಳೆಯ ಮುಂದೆ ಹೇಳಲು ಆಗಲಿಲ್ಲ. ಬಾಯಿಂದ ಬಂದದ್ದು ಬೇರೆ. ಸೆಮಿಫೈನಲಿನಲ್ಲಿ ನಿನ್ನ ಮೊಣಕಾಲಿಗೆ ಪೆಟ್ಟು ಬಿದ್ದಿತ್ತಲ್ಲ, ಬಾತಿರಬೇಕು, ಹದಿನಾರಕ್ಕೆ ವಿಶ್ರಾಂತಿ ತಗೋ, ನಿನ್ನ ಬದಲು ಗೋಲಿನಲ್ಲಿ ಚಂದ್ರಾಮಪ್ಪ ನಿಲ್ಲಲಿ ಎಂದೆ.

ಅಬ್ದುಲ್ ಗನಿ ನನ್ನ ಮುಖ ನೋಡಿದ. ಬಹಳ ಹೊತ್ತಲ್ಲ. ಆಮೇಲೆ, "ಹೌದ್ರಿ. ನೋವು ಅದ," ಎಂದ.

ತಾಯಿ ಸೂಜಿ ನಿಲ್ಲಿಸಿ, ಯಾವಾಗ ಬಿದ್ದಿ, ನನಗ್ಯಾಕ ಹೇಳ್ಲಿಲ್ಲ ಎಂದು ಕೇಳತೊಡಗಿದರು. ನಾನು ಎದ್ದು ಬಂದೆ. ಕೆಲಸ ಸುಲಭವಾಗಿ ಮುಗಿಯಿತು.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಗೇಟಿನಲ್ಲಿ ಅಬ್ದುಲ್ ಗನಿ ಕುಂಟುತ್ತ ಬಂದ.

ಮಾರ್ಚ್ 9, ಭಾನುವಾರ

ಅಭ್ಯಾಸ. ಚಂದ್ರಾಮಪ್ಪ ಗೋಲಿನಲ್ಲಿ ನಿಂತ. ಒಳ್ಳೆಯ ಮನುಷ್ಯ, ಚೆಂಡು ಬಂದಾಗ ಕಣ್ಣು ಮುಚ್ಚುತ್ತಾನೆ. ಗನಿಯೂ ಬಂದಿದ್ದ. ಗೆರೆಯ ಆಚೆ ಕಲ್ಲಿನ ಮೇಲೆ ಕೂತು, ಒಂದು ಹೆಜ್ಜೆ ಮುಂದೆ ನಿಲ್ಲು, ಕಲ್ಲಿನ ನೆಲ ಇದು, ಪುಟಿಯುವ ಮೊದಲೇ ಹಿಡಿ ಎಂದು ಚಂದ್ರಾಮಪ್ಪನಿಗೆ ಹೇಳಿಕೊಡುತ್ತಿದ್ದ. ಎದ್ದಾಗಲೆಲ್ಲ ಕುಂಟಿದ.

ಲಾಲಪ್ಪ ಸುಮ್ಮನಿರುವವನಲ್ಲ. "ಏ ಗನಿ, ಶುಕ್ರವಾರ ಬಲಗಾಲ ಇತ್ತಲ್ಲೋ. ಇವತ್ತ ಎಡಗಾಲಿಗಿ ಡ್ಯೂಟಿ ಬದಲಾತೇನು? ಕಾಲಿಗೂ ಶಿಫ್ಟ್ ಹಾಕ್ಯಾರ ಕಾರ್ಖಾನ್ಯಾಗ?"

ಎಲ್ಲರೂ ನಕ್ಕರು. ಗನಿಯೂ ನಕ್ಕ. ನಾನು ಸುಣ್ಣದ ಡಬ್ಬಿ ತೊಳೆಯುತ್ತಿದ್ದೆ. ಅವನು ಹತ್ತಿರ ಬಂದು ಕೋಲುಗಳನ್ನು ಕಟ್ಟುತ್ತ ಮೆಲ್ಲಗೆ ಹೇಳಿದ: "ಯಾವ ಮೊಣಕಾಲು ಅಂತ ನೀವು ಹೇಳ್ಲಿಲ್ರಿ. ಮೊದಲ ಬಲಗಾಲ ಹಿಡ್ದಿದ್ದೆ. ಪೆಟ್ಟು ಬಿದ್ದದ್ದು ಎಡಗಾಲಿಗಿ ಅಂತ ಆಮ್ಯಾಲ ನೆನಪಾತು. ಇನ್ನ ತಪ್ಪಲ್ಲ."

ನನ್ನ ಮಾತು ಸುಳ್ಳಾಗಬಾರದೆಂದು ಕುಂಟುತ್ತಿದ್ದಾನೆ. ಡಬ್ಬಿಯನ್ನು ಇನ್ನೊಮ್ಮೆ ತೊಳೆದೆ.

ಕಾದಂಬರಿಯ ಸೇನಾಧಿಕಾರಿ ಇನ್ನೂ ಕುದುರೆ ಬದಲಿಸುವ ಅಂಚೆ ಠಾಣೆಯಲ್ಲಿ ಹೊಸ ಕುದುರೆಗಾಗಿ ಕಾಯುತ್ತಿದ್ದಾನೆ.

ಮಾರ್ಚ್ 11, ಮಂಗಳವಾರ

ಶಿವರಾತ್ರಿ. ರಜೆ. ಸುಂದರಬಾಯಿ ಉಪವಾಸವಿದ್ದರೂ ಎಣ್ಣೆ ಕಾಯಿಸಿ, ಓಂಕಾಳು ಹಾಕಿ, ಸೀಸೆಯಲ್ಲಿ ತುಂಬಿ, ಆ ಹುಡುಗನಿಗೆ ಕೊಟ್ಟು ಬರ್ರಿ ಎಂದಳು. ಮೊಣಕಾಲಿನ ವಿಷಯ ಅವಳಿಗೆ ಹೇಳಿದ್ದೆ, ಉಳಿದದ್ದು ಹೇಳಿರಲಿಲ್ಲ. ಬೇಡವೆನ್ನಲು ಕಾರಣ ಕೊಡಬೇಕಾಗುತ್ತಿತ್ತು. ತೆಗೆದುಕೊಂಡು ಹೋದೆ.

ಗನಿ ಚಾಪೆಯ ಮೇಲೆ ಕಾಲು ಚಾಚಿದ್ದ. ಮಾಸುಮಬಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಎಡ ಮೊಣಕಾಲಿಗೆ ಕಾವು ಕೊಡುತ್ತಿದ್ದರು. ಬೆಳಿಗ್ಗೆ, ಸಂಜೆ, ದಿನವೂ. ಚರ್ಮ ಕೆಂಪಾಗಿ ಒಂದು ಕಡೆ ಬೊಬ್ಬೆ ಎದ್ದಿತ್ತು. ಅವನು ಹಲ್ಲು ಕಚ್ಚಿದಾಗ, ಬಾವು ಇಳಿಯಲಿಕ್ಕೆ ಹತ್ತೇದ ನೋಡ್ರಿ, ಹದಿನಾರರ ಒಳಗ ನೆಟ್ಟಗ ಆಗ್ತದ ಎಂದು ನನಗೆ ಹೇಳಿದರು. ಹೊಲಿದು ಮುಗಿಸಿದ ಪ್ಯಾಡುಗಳು ಅವರ ಪಕ್ಕದಲ್ಲೇ ಇದ್ದವು.

ಎಣ್ಣೆ ಕೊಟ್ಟೆ. ಸುಂದರಬಾಯಿ ಮಾಡಿದ್ದು ಎಂದಾಗ ಸೀಸೆಯನ್ನು ಕಣ್ಣಿಗೆ ಒತ್ತಿಕೊಂಡರು.

ಮಗಳು ನಜಮುನ್ನೀಸಾಳ ಮಾತು ತೆಗೆದರು. ಕರಾಚಿಗೆ ಮದುವೆಯಾಗಿ ಹೋದಾಗ ಹದಿನೇಳು ವರ್ಷ. ಆಗ ಅದು ದೂರದ ಊರು ಅಷ್ಟೇ, ವೈರಿಯ ಊರಾಗಿರಲಿಲ್ಲ. ಅರವತ್ತೈದರ ಯುದ್ಧದಲ್ಲಿ ಒಂದು ಸಲ, ಎಪ್ಪತ್ತೊಂದರಲ್ಲಿ ಒಂದು ಸಲ ಸುದ್ದಿ ನಿಂತಿತು. ಅವಳಿಗೆ ಈಗ ಎಷ್ಟು ಮಕ್ಕಳೆಂದು ಇವರಿಗೆ ಖಚಿತವಿಲ್ಲ. ಒಬ್ಬ ಮಗ ಹಾಕಿ ಆಡುತ್ತಾನೆಂದು ಯಾರೋ ಹೇಳಿದ್ದರಂತೆ. ಕೌಲಾಲಂಪುರದಾಗ ಆಡ್ಲಿಕತ್ತವರಾಗ ಅವನೂ ಇರಬಹುದೇನ್ರಿ ಎಂದು ಕೇಳಿದರು.

"ಅಮ್ಮಾ, ಅವನಿಗಿನ್ನೂ ಮೀಸಿ ಬಂದಿರಲ್ಲ," ಎಂದ ಗನಿ.

"ಗೋಲಿಗಿ ಮೀಸಿ ಯಾಕ ಬೇಕೋ?"

ಮೂವರೂ ನಕ್ಕೆವು. ಮನೆಗೆ ಬಂದು ಊಟ ಮಾಡಲಿಲ್ಲ. ಉಪವಾಸವೆಂದು ಸುಂದರಬಾಯಿಗೆ ಸಂತೋಷವಾಯಿತು. ನಾನು ಎಂದೂ ಶಿವರಾತ್ರಿಯ ಉಪವಾಸ ಮಾಡಿದವನಲ್ಲ.

ಮಾರ್ಚ್ 13, ಗುರುವಾರ

ಗನಿಯನ್ನು ಮಶೀನ್ ಶಾಪಿನಿಂದ ತೆಗೆದು ಹೊರಗಿನ ಯಾರ್ಡಿಗೆ ಹಾಕಿದ್ದಾರೆ. ಗುಜರಿ ಉಕ್ಕನ್ನು ಬೇರೆ ಬೇರೆ ರಾಶಿ ಮಾಡುವ ಕೆಲಸ. ಫಿಟ್ಟರಿನ ಕೆಲಸವಲ್ಲ, ಫಿಟ್ಟರಿನ ಸಂಬಳವೂ ಅಲ್ಲ. ಕಾರಣ: ಕಾಲು ಊನವಾದವನು ಭಾರೀ ಎರಕಗಳ ನಡುವೆ ಇರುವುದು ಅಪಾಯ. ಮೊಣಕಾಲಿನ ಬಗ್ಗೆ ತಂಡದ ಕಾರ್ಯದರ್ಶಿಯೇ ಹೇಳಿದ್ದಾರೆ ಎಂದು ಫೋರ್‌ಮನ್ ನನ್ನನ್ನೇ ಸಾಕ್ಷಿ ಮಾಡಿದರು.

ವೆಲ್‌ಫೇರ್ ಆಫೀಸರ ಹತ್ತಿರ ಹೋದೆ. ಕರೆಯದೆ ನಾನು ಆ ಕೋಣೆಗೆ ಹೋದದ್ದು ಇದೇ ಮೊದಲು. ಇವತ್ತು ಕುರ್ಚಿ ಕೊಡಲಿಲ್ಲ. ಆಟದಿಂದ ಮಾತ್ರ ಬಿಡಿಸುವುದೆಂದು ಹೇಳಿದ್ದಿರಿ ಎಂದೆ. ಅವರಿಗೂ ಬೇಸರವಾಗಿತ್ತು, ಅದು ನಟನೆಯಲ್ಲ. ತೋಪಿನ ಬಳೆ ಮಶೀನ್ ಶಾಪಿಗೆ ಬಂದಾಗ ಅವನು ಅಲ್ಲಿರುವಂತಿಲ್ಲವೆಂದು ಮೇಲಿಂದ ಮಾತು ಬಂದಿದೆ ಎಂದರು. ಅಕ್ಕ ಕರಾಚಿಯಲ್ಲಿದ್ದಾಳೆಂದು ಬರೆದು ತೆಗೆದರೆ ಯೂನಿಯನ್ನು ಎದ್ದು ನಿಲ್ಲುತ್ತದೆ, ಪತ್ರಿಕೆಯವರು ಬರುತ್ತಾರೆ. ಕಾಲು ನೋವೆಂದರೆ ಯಾರಿಗೂ ಅವಮಾನವಿಲ್ಲ.

"ನೀವೇ ಒಳ್ಳೆಯ ದಾರಿ ತೋರಿಸಿದಿರಿ, ಖಂಡೆಪ್ಪ. ಇನ್ನು ಅದನ್ನು ಕೆದಕಬೇಡಿ. ಡ್ರಾಯಿಂಗ್ ಆಫೀಸಿನಲ್ಲಿ ಯಾರಿರಬೇಕು ಅನ್ನೋದೂ ಈಗ ನನ್ನ ಕೈಲಿಲ್ಲ."

ಕೊನೆಯ ಮಾತನ್ನು ಕಿಟಕಿಯ ಕಡೆ ನೋಡಿ ಹೇಳಿದರು.

ಬರುವಾಗ ಯಾರ್ಡಿನ ಮುಂದೆ ಹಾದೆ. ಬಿಸಿಲಿನಲ್ಲಿ ಗನಿ ತುಂಡುಗಳನ್ನು ಎತ್ತಿ ಹಾಕುತ್ತಿದ್ದ. ನನ್ನನ್ನು ಕಂಡ ಕೂಡಲೇ ಎಡಗಾಲು ಎಳೆಯತೊಡಗಿದ. ನನ್ನ ಮುಂದೆ ಬೇಡವೋ ಎನ್ನಬೇಕೆನಿಸಿತು. ಸುತ್ತ ಜನರಿದ್ದರು.

ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸಿದೆ.

ಮಾರ್ಚ್ 15, ಶನಿವಾರ

ಇದನ್ನು ನಿಧಾನವಾಗಿ, ನಡೆದ ಹಾಗೆಯೇ ಬರೆಯಬೇಕು.

ಫೈನಲ್ ನಮಗೂ ಪಾಕಿಸ್ತಾನಕ್ಕೂ. ಕ್ಯಾಂಟೀನಿನ ಮುಂದೆ ದೊಡ್ಡ ರೇಡಿಯೋ ಇಟ್ಟು ಇಡೀ ಕಾಲೊನಿ ಸೇರಿತ್ತು. ಗನಿ ಇರಲಿಲ್ಲ. ಎಲ್ಲಿ ಎಂದು ಯಾರೋ ಕೇಳಿದರು. ಇನ್ನೊಬ್ಬ, ಅವನ ರೇಡಿಯೋ ಬ್ಯಾರೆ ಸ್ಟೇಷನ್ ಹಿಡೀತದ ಎಂದ. ನಗು. ಲಾಲಪ್ಪ ನಗಲಿಲ್ಲ. "ಹ್ವಾದ ವರ್ಷ ರೈಲ್ವೆದವ್ರ ಮೂರು ಪೆನಾಲ್ಟಿ ಕಾರ್ನರ್ ಹಿಡ್ದಾಗ ಯಾವ ಸ್ಟೇಷನ್ ಹಿಡ್ದಿದ್ದನಲೇ?" ಎಂದು ಕೇಳಿದ. ನಾನು ಎದ್ದು ಗನಿಯ ಮನೆಗೆ ನಡೆದೆ.

ಬಾಗಿಲು ಮುಂದೆ ಮಾಡಿ ರೇಡಿಯೋ ಸಣ್ಣಗೆ ಹಾಕಿಕೊಂಡಿದ್ದರು. ಕ್ಯಾಂಟೀನಿಗೆ ಯಾಕೆ ಬರಲಿಲ್ಲ ಎಂದೆ.

"ಅಲ್ಲಿ ಎಲ್ಲಾರೂ ಆಟ ಕೇಳ್ತಾರ್ರಿ, ನನ್ನ ಮಾರಿ ನೋಡ್ತಾರ," ಎಂದ. "ಅವರು ಗೋಲು ಹಾಕಿದಾಗ ನಾ ಸುಮ್ಮ ಕುಂತ್ರೂ ತಪ್ಪು. ನಮ್ಮವರು ಹಾಕಿದಾಗ ಭಾಳ ಕುಣದ್ರೂ ತಪ್ಪು. ಎಷ್ಟು ಕುಣೀಬೇಕು ಅಂತ ಲೆಕ್ಕ ಹಿಡೀತ ಕುಂದ್ರಬೇಕು. ಆಟ ಕಿವಿಗಿ ಬೀಳಲ್ಲ."

ಅವರು ಮೊದಲ ಗೋಲು ಹಾಕಿದರು. ಗನಿ ತಲೆ ಕೆಳಗೆ ಹಾಕಿದ. ತಾಯಿ, ಇಬ್ಬರೂ ಒಂದೊಂದು ಹಾಕಿ ಎದ್ದು ಹೋಗಲಿ, ಸಾಕು ಎಂದರು. ನಮ್ಮವರು ಸಮ ಮಾಡಿದಾಗ, ನೋಡ್ರಿ, ಈಗ ಸಾಕು, ನಿಲ್ಲಸ್ರಿ ಎಂದು ರೇಡಿಯೋಗೆ ಹೇಳಿದರು.

ನಮ್ಮವರ ಎರಡನೆಯ ಗೋಲು ಬಂದಾಗ ಕಾಮೆಂಟರಿಯವರ ಧ್ವನಿ ಒಡೆಯಿತು. ಚೆಂಡು ಕಂಬಕ್ಕೆ ಬಡಿದು ಹೊರಗೆ ಬಂತೆಂದು ಅವರು, ಗೆರೆ ದಾಟಿತ್ತೆಂದು ನಮ್ಮವರು. ಅಂಪೈರ್ ಗೋಲು ಕೊಟ್ಟ. ಗನಿ ಕೂತಲ್ಲಿಂದ ಮೇಲಕ್ಕೆ ಹಾರಿದ. ಎರಡೂ ಕಾಲು ನೆಲ ಬಿಟ್ಟಿದ್ದವು. ಎರಡೂ ಕಾಲಿನ ಮೇಲೆ ಇಳಿದ. ನನ್ನ ಭುಜ ಹಿಡಿದು ಅಲುಗಾಡಿಸಿದ. ನಾನೂ ನಿಂತಿದ್ದೆ; ಯಾವಾಗ ಎದ್ದೆನೋ ತಿಳಿಯದು.

ಆಮೇಲೆ ಅವನು ತಣ್ಣಗಾಗಿ, "ದಾಟಿತ್ತೋ ಇಲ್ಲೋ ಅವರ ಗೋಲ್‌ಕೀಪರ್‌ಗ ಗೊತ್ತಿರ್ತದ್ರಿ. ಪಾಪ, ಅಂವ ಒಬ್ಬನೇ ನೋಡಿರ್ತಾನ," ಎಂದ.

ಮಾಸುಮಬಿ ರೇಡಿಯೋ ಕೇಳುತ್ತಿರಲಿಲ್ಲ. ಮಗನ ಮೊಣಕಾಲು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು.

"ಕಾಲು ನೆಟ್ಟಗ ಅದ," ಎಂದರು.

ಗನಿ ಬಾಯಿ ತೆರೆದ. ನಾನು ತಡೆದು ಹೇಳಿದೆ. ಎಲ್ಲವನ್ನೂ, ಆಫೀಸರ ಕೋಣೆಯಿಂದ ಯಾರ್ಡಿನ ತನಕ. ಯಾರ್ಡಿನ ಸಂಗತಿಯನ್ನೂ ಅವನು ತಾಯಿಗೆ ಹೇಳಿರಲಿಲ್ಲ. ಅಷ್ಟು ಉದ್ದ ನಾನು ಎಂದೂ ಮಾತಾಡಿದ್ದಿಲ್ಲ. ಆಟ ಮುಗಿದು, ನಾವು ಗೆದ್ದು, ಓಣಿಯಲ್ಲಿ ಪಟಾಕಿ ಹಾರಿದರೂ ನನ್ನ ಮಾತು ಮುಗಿದಿರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಅವನ ಮೊಣಕಾಲಿನ ಬೊಬ್ಬೆಯ ಮೇಲೆ ಕೈ ಇಟ್ಟರು. "ನೆಟ್ಟಗಿದ್ದ ಕಾಲು ಸುಟ್ಟೆನಲ್ಲೋ. ನನಗರೆ ಹೇಳಬಾರ್ದಿತ್ತೇನು?"

"ನಿನಗ ಹೇಳಿದ್ರ ನೀ ಕಾವು ಕೊಡ್ತಿದ್ದಿಲ್ಲ. ಕಾವು ಕೊಡದಿದ್ರ ಓಣಿ ನಂಬ್ತಿದ್ದಿಲ್ಲ."

"ಓಣಿ ಮುಂದ ಎಷ್ಟರೆ ಕುಂಟು," ಎಂದರು ಮಾಸುಮಬಿ. "ನನ್ನ ಮುಂದ ಬ್ಯಾಡ."

ಆಗ ಹೊರಗಿನಿಂದ ಲಾಲಪ್ಪ ಕೂಗಿದ. ಜಿಲೇಬಿ ತಂದಿದ್ದ, ಹಿಂದೆ ಐದಾರು ಮಂದಿ. ಗನಿ ಎದ್ದು ಬಾಗಿಲಿನ ತನಕ ನೆಟ್ಟಗೆ ನಡೆದ. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತ. ಆಮೇಲೆ ಎಡಗಾಲು ಎಳೆಯುತ್ತ ಹೊರಗೆ ಹೋದ. ಅವರಲ್ಲೊಬ್ಬ ಜಿಲೇಬಿಯನ್ನು ಅವನ ಬಾಯಿಗೇ ಇಟ್ಟು, ತಿನ್ನುವ ತನಕ ಕೈ ತೆಗೆಯದೆ ಮುಖ ನೋಡುತ್ತಿದ್ದ. ಗನಿ ತಿಂದ. ಚಲೋ ಅದ ಎಂದ. ಲಾಲಪ್ಪ ಆ ಮನುಷ್ಯನ ಕೈ ಸರಿಸಿ, ಉಳಿದ ಪೊಟ್ಟಣವನ್ನು ಪೂರ್ತಿ ಗನಿಯ ಕೈಗೆ ಕೊಟ್ಟ. "ಅಮ್ಮಗ ಕೊಡು. ನಾಳಿ ನೀ ಇಲ್ಲದ ನಾವು ಸೋಲ್ತೀವಿ, ಇವತ್ತರೆ ಬಾಯಿ ಸಿಹಿ ಇರ್ಲಿ."

ನನ್ನ ಎದುರಿಗೆ, ಒಂದು ಹೊಸ್ತಿಲಿನ ಆಚೆ ಈಚೆ, ಒಬ್ಬನೇ ಮನುಷ್ಯ ಎರಡು ಥರ ನಡೆದಿದ್ದ. ಅದನ್ನು ಕಲಿಸಿದವನು ನಾನು.

ಅವರು ಹೋದ ಮೇಲೆ ಕೇಳಿದೆ: ನಾಳೆ ನಾನು ಕರೆದರೆ ಆಡುತ್ತೀಯಾ?

ನಿಮ್ಮ ಕೆಲಸ ಹೋಗ್ತದ ಎಂದ. ನಿನ್ನದು ಹೋಗಿಯೇ ಇದೆ ಎಂದೆ. ಕುಂಟುವವನೆಂದು ಒಮ್ಮೆ ಬರೆದುಕೊಂಡರೆ ಯಾರ್ಡಿನಿಂದ ಮುಂದಿನ ಜಾಗ ಮನೆಯೇ. ಓಡುವುದನ್ನು ದಿಲ್ಲಿಯವರೂ ಕಾಲೊನಿಯೂ ಒಟ್ಟಿಗೆ ನೋಡಿಬಿಟ್ಟರೆ ಮೊಣಕಾಲಿನ ಕಾರಣ ಸತ್ತುಹೋಗುತ್ತದೆ. ಆಮೇಲೂ ನಿನ್ನನ್ನು ಹೊರಗಿಡಬೇಕೆಂದರೆ ನಿಜವಾದ ಕಾರಣವನ್ನು ಅವರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಲಿ. ಆಗ ಉತ್ತರ ಕೊಡುವವರು ನಾವಿಬ್ಬರೇ ಇರುವುದಿಲ್ಲ.

ಗನಿ ತಾಯಿಯ ಕಡೆ ನೋಡಿದ. ಅವರು ಜಿಲೇಬಿಯ ಪೊಟ್ಟಣ ಬಿಚ್ಚುತ್ತಿದ್ದರು. ಮೊದಲ ತುಂಡನ್ನು ನನಗೆ ಕೊಟ್ಟರು.

"ನೀವು ಕರದ್ರ ಬರ್ತೀನ್ರಿ," ಎಂದ. "ಆದ್ರ ಎಲ್ಲಾರ ಮುಂದ ಕರೀಬೇಕು. ಸನ್ನೀಲೆ ಅಲ್ಲ."

ಮನೆಗೆ ಬಂದು ಸುಂದರಬಾಯಿಗೆ ಹೇಳಿದೆ. ಅವಳು ಹೆಚ್ಚು ಕೇಳಲಿಲ್ಲ. ಡ್ರಾಯಿಂಗ್ ಆಫೀಸು ಬಿಡಬೇಕಾಗಿ ಬಂದರೆ ಚಿತ್ತಾಪುರದಲ್ಲಿ ತನ್ನ ತಮ್ಮನ ಮನೆ ಇದೆ, ಸ್ವಲ್ಪ ದಿನ ನಡೆದೀತು ಎಂದಳು. ಆಮೇಲೆ, ಆ ಬೊಬ್ಬೆಗೆ ಹಚ್ಚಲು ತುಪ್ಪ ಕೊಡ್ತೀನಿ, ಆಟಕ್ಕ ಮೊದಲ ಹಚ್ಚಸ್ರಿ ಎಂದಳು.

ನಾಳೆಯ ಕ್ರಮ ಹೀಗೆ. ಬೆಳಗಿನ ಪ್ಯಾಸೆಂಜರಿಗೆ ವಾಡಿಗೆ ಹೋಗಿ ಮೈದಾನದ ಗೆರೆ ಎಳೆಯುವುದು. ಚಂದ್ರಾಮಪ್ಪನಿಗೆ ಮೊದಲೇ ತಿಳಿಸುವುದು. ಅವನು ಬೇಸರ ಮಾಡಿಕೊಳ್ಳುವುದಿಲ್ಲ, ಉಸಿರು ಬಿಡುತ್ತಾನೆ. ಅತಿಥಿಗಳು ಕೂತ ಮೇಲೆ, ಆಟಗಾರರ ಹೆಸರು ಕೂಗುವಾಗ, ಗೋಲ್‌ಕೀಪರನಿಂದ ಆರಂಭಿಸುವುದು ಪದ್ಧತಿ. ಅಬ್ದುಲ್ ಗನಿ ಎಂದು ಪೂರ್ತಿ ಹೆಸರು ಕೂಗುತ್ತೇನೆ. ಅವನು ಗೋಲಿನ ತನಕ ಓಡಿ ಹೋಗಬೇಕು, ನಡೆದು ಅಲ್ಲ.

ವೆಲ್‌ಫೇರ್ ಆಫೀಸರು ಎದ್ದು ಬಂದು ಮೊಣಕಾಲು ಏನಾಯಿತೆಂದು ಕೇಳುತ್ತಾರೆ. ಅದಕ್ಕೆ ವಾಕ್ಯ ಸಿದ್ಧ ಮಾಡಿದ್ದೇನೆ: ಮೊಣಕಾಲಿಗೆ ಏನೂ ಆಗಿರಲಿಲ್ಲ, ಸಾಹೇಬರೇ, ನಿಮ್ಮ ಮಾತು ಕೇಳಿ ನಾನು ಸುಳ್ಳು ಹೇಳಿದ್ದೆ.

'ನಿಮ್ಮ ಮಾತು ಕೇಳಿ' ಎಂಬುದನ್ನು ಬಿಟ್ಟರೆ ನನ್ನ ಕೆಲಸ ಉಳಿಯಬಹುದೇನೋ. ಮೂರು ಸಲ ಬಿಟ್ಟು ಓದಿ ನೋಡಿದೆ. ಆ ಮಾತೂ ಇರಲಿ.